ಆರುಷಿ ಕೇಸು: "ಅವರೇ ಮಾಡಿದ್ದು" ಅಂತ ನಮಗೆಲ್ಲ ಹೇಗೆ ಗೊತ್ತಾಯ್ತು?

ತಿಪಟೂರು_ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಬರೀ ಓದ್ಕೊಂಡು ಹೋಗೋಳು, ಬರೀತಿರೋದು ಇದೇ ಮೊದಲು. ಉದ್ದ ಆದ್ರೆ ಬೈಕೋಬೇಡಿ.

ಹೋದ ಭಾನುವಾರ ಮಗಳು ಫೋನಲ್ಲಿ ಏನೋ ವಿಡಿಯೊ ನೋಡ್ತಾ ಇದ್ಲು. "ಅಮ್ಮ, ಈ ನೋಯ್ಡಾ ಕೊಲೆ ಆದಾಗ ನೀನೂ ಅಪ್ಪನೂ ಅಲ್ಲೇ ಇದ್ರಂತಲ್ಲ, ಯಾರಮ್ಮ ಕೊಂದಿದ್ದು?" ಅಂದ್ಲು. ನಾನು ಅವರೆಕಾಳು ಹಿತುಕ್ತಾ ಕೂತಿದ್ದೆ. ಕೈ ಕೂಡ ನಿಲ್ಲಿಸ್ಲಿಲ್ಲ. "ಇನ್ಯಾರು, ಅಪ್ಪ ಅಮ್ಮನೇ" ಅಂದೆ. "ನಿಂಗೆ ಹೇಗೆ ಗೊತ್ತು?" ಅಂದ್ಲು. ಅವಳಿಗೀಗ ಹದಿಮೂರು, ಆ ಹುಡುಗಿಗೂ ಅಷ್ಟೇ ವಯಸ್ಸಾಗಿತ್ತು. ಅದಕ್ಕೋ ಏನೋ ಬಾಯಿ ಕಟ್ಟಿಹೋಯ್ತು.

ಹೇಗೆ ಗೊತ್ತಾಯ್ತು ಅಂತ ಹೇಳೋದಕ್ಕೆ ನನ್ನ ಹತ್ರ ಇರೋದು ಇಷ್ಟು.

2008ರಲ್ಲಿ ನಮ್ಮೆಜಮಾನ್ರ ಕೆಲಸ ನೋಯ್ಡಾದಲ್ಲಿ. ನಾವಿದ್ದಿದ್ದು ಸೆಕ್ಟರ್ 34. ಆ ಹುಡುಗಿ ಆರುಷಿಯ ಅಪ್ಪ ಅಮ್ಮ, ತಲ್ವಾರ್ ಅವರ ಮನೆ ಇದ್ದ ಜಲವಾಯು ವಿಹಾರ್ ಸೆಕ್ಟರ್ 25ರಲ್ಲಿ, ರಿಕ್ಷಾದಲ್ಲಿ ಹೋದ್ರೆ ಎಷ್ಟೊತ್ತೂ ಆಗ್ತಿರ್ಲಿಲ್ಲ. ಮೇ 16, ಶುಕ್ರವಾರ. ದಂತವೈದ್ಯ ದಂಪತಿಯ ಒಬ್ಬಳೇ ಮಗಳು ಆರುಷಿ ತನ್ನ ಮಂಚದ ಮೇಲೇ ಕೊಲೆಯಾಗಿದ್ದಾಳೆ, ಮನೆಕೆಲಸದ ಹೇಮರಾಜ್ ಕಾಣ್ತಿಲ್ಲ ಅಂತ ಸುದ್ದಿ. ಸಂಜೆ ಹೊತ್ತಿಗೆಲ್ಲ ಯಾರಿಗೂ ಅನುಮಾನವೇ ಉಳಿದಿರ್ಲಿಲ್ಲ. ಕೆಲಸದವನು ಕೊಂದು ನೇಪಾಳಕ್ಕೆ ಓಡಿದ್ದಾನೆ. ಸುಳಿವು ಕೊಟ್ಟೋರಿಗೆ ಇಪ್ಪತ್ತು ಸಾವಿರ ಬಹುಮಾನ ಅಂತ ಪೊಲೀಸರೇ ಹೇಳಿದ್ರು.

ನಮ್ಮನೆಗೂ ನೇಪಾಳದ ಒಬ್ಬ ಹುಡುಗ ಬರ್ತಿದ್ದ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಕೆಳಗೆ ಕಾರು ತೊಳೆದು, ನಮಗೆ ಹಾಲು ತಂದುಕೊಟ್ಟು, ನೆಲ ಒರೆಸಿ ಹೋಗ್ತಿದ್ದ. ಶುಕ್ರವಾರ ರಾತ್ರಿ ಸೊಸೈಟಿ ಸೆಕ್ರೆಟರಿ ರಿಜಿಸ್ಟರ್ ಹಿಡ್ಕೊಂಡು ಮನೆಮನೆಗೆ ಬಂದ್ರು. ಕೆಲಸದವರ ಫೋಟೊ, ಊರು, ಪೊಲೀಸ್ ವೆರಿಫಿಕೇಶನ್. ನಮ್ಮ ಹತ್ರ ಏನೂ ಇರ್ಲಿಲ್ಲ. ಶನಿವಾರ ಬೆಳಿಗ್ಗೆ ಹುಡುಗ ಹಾಲು ತಂದಾಗ ಜಾಲರಿ ಬಾಗಿಲು ತೆಗೀದೇನೇ "ನಾವು ಊರಿಗೆ ಹೋಗ್ತಿದೀವಿ, ನಾಳೆಯಿಂದ ಬರಬೇಡ" ಅಂದೆ. ಪಾಕೀಟನ್ನ ಹೊಸಿಲ ಮೇಲಿಟ್ಟು ಹೋದ. ಊರಿಗೆ ಹೋಗೋರು ಎರಡು ಲೀಟರ್ ಹಾಲು ಯಾಕೆ ತರಿಸ್ಕೋತಾರೆ ಅಂತ ಅವನಿಗೂ ಹೊಳೆದಿರುತ್ತೆ.

ಅವತ್ತೇ ಟಿವಿಯಲ್ಲಿ ಬಂತು. ಹೇಮರಾಜ್ ಓಡಿಹೋಗಿರ್ಲಿಲ್ಲ. ಅದೇ ಮನೆಯ ತಾರಸಿ ಮೇಲೆ, ಬೀಗ ಹಾಕಿದ ಬಾಗಿಲಿನಾಚೆ, ಮೇ ತಿಂಗಳ ಬಿಸಿಲಲ್ಲಿ ಸತ್ತು ಬಿದ್ದಿದ್ದ. ಇಡೀ ದೇಶ ಹುಡುಕ್ತಿದ್ದ ಕೊಲೆಗಾರ ಕೊಲೆಯಾಗಿದ್ದ. ನಾವು ಟಿವಿ ಮುಂದೆ ಬಾಯಿ ಬಿಟ್ಕೊಂಡು ಕೂತ್ವಿ. ಆ ಹುಡುಗನ್ನ ಮಾತ್ರ ವಾಪಸ್ ಕರೀಲಿಲ್ಲ.

ಒಂದು ವಾರಕ್ಕೆ ಹೊಸ ಅಪರಾಧಿ. 23ನೇ ತಾರೀಕು ಅಪ್ಪನನ್ನ ಬಂಧಿಸಿದ್ರು, ಮಾರನೆ ದಿನ ಮಗಳ ಹದಿನಾಲ್ಕನೇ ಹುಟ್ಟುಹಬ್ಬ ಆಗಬೇಕಿತ್ತು. ಪೊಲೀಸ್ ಅಧಿಕಾರಿ ಪತ್ರಿಕಾಗೋಷ್ಠಿ ಮಾಡಿ, ಸತ್ತ ಮಗುವಿನ ನಡತೆ ಬಗ್ಗೇನೇ ಮಾತಾಡಿದ್ರು. ಅದರ ಹೆಸರನ್ನೂ ಸರಿಯಾಗಿ ಹೇಳ್ಲಿಲ್ಲ, ಶ್ರುತಿ ಅಂದ್ರು. ನಮಗೆ ಅದು ತಮಾಷೆಯಾಗಿತ್ತು, "ಹೆಸರೇ ಗೊತ್ತಿಲ್ಲ, ಕೇಸ್ ಬೇರೆ ಬಿಡಿಸ್ತಾರಂತೆ" ಅಂತ ನಕ್ವಿ. ಆದ್ರೆ ಅವರು ಹೇಳಿದ ಕಥೆ ಮಾತ್ರ ಪೂರ್ತಿ ನಂಬಿದ್ವಿ. ತಾಯಿ ನೂಪುರ್ ಟಿವಿಗೆ ಮಾತಾಡಿದಾಗ ಕಣ್ಣಲ್ಲಿ ನೀರಿರ್ಲಿಲ್ಲ. ಬಾಲ್ಕನಿಯಿಂದ ಬಾಲ್ಕನಿಗೆ ಅದೇ ಮಾತು. ಎಲ್ಲರಿಗಿಂತ ಜೋರಾಗಿ ಹೇಳಿದ್ದು ನಾನೇ. "ನಮ್ ಕಡೆ ಆಗಿದ್ರೆ ಎದೆ ಬಡ್ಕೊಂಡು ಅಳ್ತಿದ್ರು."

ಇನ್ನು ಎ.ಸಿ. ವಿಷಯ. ಪಕ್ಕದ ಕೋಣೆಯಲ್ಲಿ ಮಗಳನ್ನ ಕೊಲ್ತಿದ್ರೆ ಅಪ್ಪ ಅಮ್ಮನಿಗೆ ಕೇಳಿಸ್ಲಿಲ್ವಾ? ಬಾಗಿಲು ಹಾಕಿತ್ತು, ಎ.ಸಿ. ಸದ್ದಿಗೆ ಕೇಳಿಸ್ಲಿಲ್ಲ ಅಂತ ಅವರು ಹೇಳಿದ್ರು. ನಮ್ಮದೂ ಎರಡು ಕೋಣೆ ಮನೆ, ಗಡಗಡ ಅನ್ನೋ ಕಿಟಕಿ ಎ.ಸಿ. ಒಂದು ರಾತ್ರಿ ನಮ್ಮೆಜಮಾನ್ರು ಬಾಗಿಲು ಹಾಕ್ಕೊಂಡು ಎ.ಸಿ. ಹಾಕ್ಕೊಂಡು ಒಳಗೆ ಕೂತ್ರು. ನಾನು ಈಚೆ ಕೋಣೆಯಲ್ಲಿ ಸ್ಟೀಲ್ ಚೊಂಬು ಎತ್ತಿಹಾಕಿದೆ. "ಕೇಳಿಸ್ತು!" ಅಂತ ಒಳಗಿಂದ ಕೂಗಿದ್ರು. ಬೆಳಿಗ್ಗೆ ಬಾಲ್ಕನಿಯಲ್ಲಿ ಹೇಳಿದ್ರೆ, ನಮ್ಮ ಬ್ಲಾಕಲ್ಲೇ ಇನ್ನೂ ಮೂರು ಮನೆಯೋರು ಇದೇ ಪರೀಕ್ಷೆ ಮಾಡಿದ್ರು. ಒಬ್ಬರು ಕುಕ್ಕರ್ ಮುಚ್ಚಳ ಬೀಳಿಸಿದ್ರಂತೆ. ಆಮೇಲೆ ವರ್ಷಗಟ್ಟಲೆ ಮದುವೆಮನೆಗಳಲ್ಲಿ, ನಾಮಕರಣಗಳಲ್ಲಿ ನಾನು ಇದನ್ನ ಹೇಳಿದೀನಿ. "ನಾವೇ ಪರೀಕ್ಷೆ ಮಾಡಿ ನೋಡಿದೀವಿ ಕಣ್ರೀ, ಕೇಳಿಸೇ ಕೇಳಿಸುತ್ತೆ."

ಮೊನ್ನೆ ಮಗಳಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ. "ಆಗ ಅಪ್ಪ ನಿದ್ದೆ ಮಾಡ್ತಿದ್ರಾ?"

ಇಲ್ಲ. ಮಂಚದ ಮೇಲೆ ಕೂತು, ಚೊಂಬು ಯಾವಾಗ ಬೀಳುತ್ತೆ ಅಂತ ಕಿವಿ ಕೊಟ್ಕೊಂಡು ಕಾಯ್ತಿದ್ರು.

ಹದಿನೇಳು ವರ್ಷ ನನಗೆ ಇದು ಹೊಳೀಲಿಲ್ಲ ನೋಡಿ. ಈಗ ನನ್ನ ಪ್ರಶ್ನೆ. ಕೊಂದಿದ್ದು ಯಾರು ಅಂತ ನಾನು ಕೇಳ್ತಿಲ್ಲ. ಆ ತಂದೆ ತಾಯಿ ಮೇಲೆ ನಿಜವಾಗಿ ಇದ್ದ ಸಾಕ್ಷ್ಯ ಏನು, ಕೋರ್ಟುಗಳು ಏನು ಹೇಳಿದ್ವು? ಕಾನೂನು, ಪತ್ರಿಕೆ ಗೊತ್ತಿರೋರು ಹೇಳಿ. ನನಗೆ ಗೊತ್ತಿದೆ ಅಂತ ನಾನಂದ್ಕೊಂಡಿದ್ದು ಎಲ್ಲಿಂದ ಬಂತು ಅಂತ ನನಗೆ ತಿಳೀಬೇಕು.

ಹಳೇ_ಡೆಸ್ಕು

ಎಲ್ಲಿಂದ ಬಂತು ಅನ್ನೋದಕ್ಕೆ ಸ್ವಲ್ಪ ಉತ್ತರ ನಾನು ಕೊಡಬಲ್ಲೆ ಮೇಡಂ, ಯಾಕಂದ್ರೆ ಸ್ವಲ್ಪ ನಮ್ಮಿಂದಲೇ ಬಂದಿದ್ದು. ಆಗ ನಾನು ಬೆಂಗಳೂರಿನ ಒಂದು ಸುದ್ದಿವಾಹಿನಿಯ ರಾತ್ರಿ ಪಾಳಿ ಡೆಸ್ಕಿನಲ್ಲಿದ್ದೆ. ಹೆಸರು ಬೇಡ, ಎಲ್ಲರ ಮನೆ ದೋಸೆಯೂ ತೂತೇ.

ಆ ಮೇ ತಿಂಗಳು ನೆನಪಿರಬಹುದು, ನಮ್ಮಲ್ಲಿ ವಿಧಾನಸಭಾ ಚುನಾವಣೆ. ಮೇ 10, 16, 22, ಮೂರು ಹಂತ. ಆರುಷಿ ಸುದ್ದಿ ಬಂದ ಶುಕ್ರವಾರ ಎರಡನೇ ಹಂತದ ಮತದಾನ. ನಮ್ಮ ವರದಿಗಾರರೆಲ್ಲ ಜಿಲ್ಲೆಗಳಲ್ಲಿದ್ದರು, ನೋಯ್ಡಾಕ್ಕೆ ಯಾರನ್ನು ಕಳಿಸೋದು? ಹಿಂದಿ ಚಾನೆಲ್ಲುಗಳನ್ನು ನೋಡಿಕೊಂಡು ಬರೆಯೋದು. 25ಕ್ಕೆ ಫಲಿತಾಂಶ ಬಂದು ಯಡಿಯೂರಪ್ಪನವರ ಸರ್ಕಾರದ ಲೆಕ್ಕಾಚಾರ ನಡೀತಿದ್ದಾಗಲೂ ರಾತ್ರಿ ಒಂಬತ್ತೂವರೆಗೆ ನೋಯ್ಡಾ ಇರಲೇಬೇಕು ಅಂತ ಮೇಲಿನಿಂದ ಸೂಚನೆ.

ಇಲ್ಲಿ ಒಂದು ಸಣ್ಣ ಕಸುಬಿನ ಗುಟ್ಟು ಹೇಳ್ತೀನಿ. ಏಜೆನ್ಸಿ ಸುದ್ದಿಯಲ್ಲಿ "ಪೊಲೀಸರು ಶಂಕಿಸಿದ್ದಾರೆ" ಅಂತಿರುತ್ತೆ. ನಾವು ಕನ್ನಡದಲ್ಲಿ "ಎನ್ನಲಾಗಿದೆ" ಅಂತ ಹಾಕ್ತೀವಿ. "ತಂದೆಯೇ ಮಗಳನ್ನು ಕೊಂದಿದ್ದಾರೆ ಎನ್ನಲಾಗಿದೆ." ಇದು ಬುಲೆಟಿನ್‌ಗೆ ಸರಿ. ಆದರೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಜಾಗ ಎಲ್ಲಿದೆ? ಮೊದಲು ಉದುರಿಹೋಗೋದೇ ಆ "ಎನ್ನಲಾಗಿದೆ". ಆಗ ಪ್ರಶ್ನೆ ಮಾಡ್ತೀವಿ: "ತಂದೆಯೇ ಕೊಂದರಾ?" ಒಂದು ದೀರ್ಘ, ಒಂದು ಪ್ರಶ್ನಾರ್ಥಕ. ವಕೀಲರು ನೋಟಿಸ್ ಕೊಟ್ಟರೆ "ನಾವು ಕೇಳಿದ್ದಷ್ಟೇ ಸ್ವಾಮಿ" ಅನ್ನಬಹುದು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಾ ಅರ್ಧ ಕಿವಿ ಕೊಟ್ಟೋರಿಗೆ ಆ ದೀರ್ಘ ಕೇಳಿಸುತ್ತಾ? ಆ ತಿಂಗಳು ನಾನು ಹಾಕಿದ ದೀರ್ಘಗಳಿಗೆ ಲೆಕ್ಕ ಇಲ್ಲ.

ಜೂನ್‌ನಲ್ಲಿ ಕಥೆ ನಮ್ಮ ಮನೆ ಬಾಗಿಲಿಗೇ ಬಂತು. ತನಿಖೆ ಸಿಬಿಐಗೆ ಹೋಗಿತ್ತು. ಅವರ ಮೊದಲ ತಂಡಕ್ಕೆ ತಂದೆಗಿಂತ ಮೂವರು ಕೆಲಸದ ಯುವಕರ ಮೇಲೆ ಅನುಮಾನ. ಒಬ್ಬ ತಲ್ವಾರ್ ಕ್ಲಿನಿಕ್ಕಿನಲ್ಲೇ ಕೆಲಸಕ್ಕಿದ್ದವನು, ಉಳಿದಿಬ್ಬರು ಆ ಕಡೆಯ ಮನೆಗಳ ಕೆಲಸದವರು. ಆ ಕ್ಲಿನಿಕ್ಕಿನವನನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೇ ಕರಕೊಂಡು ಬಂದರು. ಆ ಕಾಲದಲ್ಲಿ ಮಂಪರು ಪರೀಕ್ಷೆ ಅಂದರೆ ಬೆಂಗಳೂರು. ಛಾಪಾ ಕಾಗದ ಹಗರಣದ ತೆಲಗಿ ಕಾಲದಿಂದ ನಮ್ಮ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ದೇಶದಲ್ಲೆಲ್ಲ ಹೆಸರು. ಮಡಿವಾಳದಲ್ಲಿ ನೇರಪ್ರಸಾರದ ನಮ್ಮ ಓಬಿ ವ್ಯಾನು ಬೆಳಗಿನಿಂದ ರಾತ್ರಿವರೆಗೆ ನಿಂತಿತ್ತು. ನೋಡೋದಕ್ಕೆ ಅಲ್ಲಿ ಗೇಟು ಬಿಟ್ಟು ಬೇರೇನಿಲ್ಲ. ಆದರೂ ನಿಂತಿತ್ತು. ಆಮೇಲೆ ಆ ಪರೀಕ್ಷೆಯ ವಿಡಿಯೊ ತುಣುಕುಗಳೇ ಟಿವಿಗಳಿಗೆ ಸೋರಿ ಬಂದವು. ಔಷಧಿಯ ಮಂಪರಿನಲ್ಲಿ ತೊದಲ್ತಿರೋ ಒಬ್ಬ ಮನುಷ್ಯ, ಕೆಳಗೆ ಅಚ್ಚುಕಟ್ಟಾದ ಕನ್ನಡ ಸಾಲು. ಅವನು ತೊದಲಿದ್ದಕ್ಕೆ ಪೂರ್ಣವಿರಾಮ ಹಾಕಿದ್ದು ನಾನು.

ಜುಲೈನಲ್ಲಿ ತಂದೆಗೆ ಜಾಮೀನು ಸಿಕ್ತು. ಆ ಮೂವರ ಮೇಲೆ ಆರೋಪಪಟ್ಟಿ ಹಾಕೋಷ್ಟು ಸಾಕ್ಷ್ಯ ಸಿಗಲಿಲ್ಲ, ಅವರನ್ನೂ ಬಿಟ್ಟರು. ಅದು ನಮ್ಮಲ್ಲಿ ಎಷ್ಟು ಸೆಕೆಂಡ್ ಹೋಯ್ತು ಅಂತ ಕೇಳಬೇಡಿ.

ನೇರಮಾತು_77

ಎಲ್ಲ ಸರಿ, ಆದರೆ ಸುಮ್ಮನೆ ಭಾವುಕರಾಗಬೇಡಿ. ಮನೆಯಲ್ಲಿ ನಾಲ್ಕು ಜನ. ಇಬ್ಬರು ಸತ್ತರು, ಇಬ್ಬರು ಉಳಿದರು. ಬಾಗಿಲು ಮುರಿದಿಲ್ಲ, ಕಳ್ಳತನ ಆಗಿಲ್ಲ. ಒಂದನೇ ಕ್ಲಾಸಿನ ಲೆಕ್ಕ ಇದು. ಒಂದು ಕೋರ್ಟು ಜೀವಾವಧಿ ಕೊಟ್ಟೇ ಇತ್ತಲ್ಲ? ಮೇಲಿನ ಕೋರ್ಟು ಬಿಟ್ಟಿದ್ದು ಸಂಶಯದ ಲಾಭ ಕೊಟ್ಟು. ಹಣ ಇದ್ದೋರಿಗೆ ಒಳ್ಳೆ ವಕೀಲರು ಸಿಗ್ತಾರೆ, ಅಷ್ಟೇ.

ಕರಿಕೋಟು_ಧಾರವಾಡ

ಅಕ್ಕಾರ, ನಮಸ್ಕಾರ್ರೀ. ಇಪ್ಪತ್ತಾರು ವರ್ಷ ಕ್ರಿಮಿನಲ್ ಕೇಸ್ ನಡಸೇನಿ. ನಿಮ್ಮ ಚೊಂಬಿನ ಪರೀಕ್ಷೆ ಓದಿ ನಕ್ಕೆ, ಆಮ್ಯಾಲ ಸುಮ್ಮನಾದೆ. ಯಾಕಂದ್ರ ಕೋರ್ಟಿನ್ಯಾಗ ಇಂಥಾ ಚೊಂಬು ಭಾಳ ಬಿದ್ದಾವು.

77 ಅವರು ಹೇಳಿದ ಲೆಕ್ಕಾನ ಗಾಜಿಯಾಬಾದ್ ಸಿಬಿಐ ಕೋರ್ಟೂ ಹಾಕಿತ್ತು. 2013 ನವೆಂಬರ್ 25ಕ್ಕ ತಪ್ಪಿತಸ್ಥರು ಅಂತು, ಮರುದಿನ ಜೀವಾವಧಿ. ಹಳೆ ಸಾಕ್ಷ್ಯ ಕಾಯ್ದೆ 106ನೇ ಕಲಂ ಅಂತ ಒಂದೈತಿ. ಒಬ್ಬಾಂವಗಷ್ಟ ಗೊತ್ತಿರು ಸಂಗತಿ ಇದ್ರ, ಅದನ್ನ ಅಂವನ ಬಿಡಿಸಿ ಹೇಳಬೇಕು. ನಾಕು ಗ್ವಾಡಿ ಒಳಗ ಕೊಲಿ ಆತು, ನೀವು ಒಳಗಿದ್ರಿ, ಏನಾತು ಹೇಳ್ರಿ. ಕೇಳಾಕ ನ್ಯಾಯ ಅನಸ್ತೈತಿ. ಆದ್ರ ಅದಕ್ಕೂ ಮೊದಲ ಆ ನಾಕು ಗ್ವಾಡಿ ಒಳಗ ಹೊರಗಿನವರು ಬರಾಕ ಸಾಧ್ಯ ಇರಲಿಲ್ಲ ಅಂತ ಸರ್ಕಾರಿ ಪಕ್ಷ ತೋರಸಬೇಕು. ಹೇಮರಾಜನ ಖೋಲಿಗೆ ಮನಿ ಒಳಗಿಂದ ಒಂದು ಬಾಗಿಲಾ, ಹೊರಗಿನ ಕಡೆಯಿಂದ ಇನ್ನೊಂದು ಬಾಗಿಲಾ ಇತ್ತು. ಅಂವ ತನ್ನ ಪರಿಚಯದವರನ್ನ ಒಳಗ ಕರಕೊಂಡಿದ್ರ? ಬಾಗಿಲಾ ಯಾಕ ಮುರೀಬೇಕು? ನಾಕರ ಲೆಕ್ಕ ಐದೂ ಆಗಬಹುದು, ಆರೂ ಆಗಬಹುದು.

ಈ ಕೇಸು ಕೋರ್ಟಿಗೆ ಬಂದದ್ದ ಒಂದು ವಿಚಿತ್ರ. 2010 ಡಿಸೆಂಬರ್ ಕೊನೀಗೆ ಸಿಬಿಐ ಎರಡನೇ ತಂಡ ಕೇಸ್ ಮುಚ್ಚಾಕ ವರದಿ ಕೊಡ್ತು. ತಂದಿ ಮ್ಯಾಲ ಸಂಶಯ ಐತಿ, ಆದ್ರ ಸಾಕ್ಷಿ ಸಾಲಂಗಿಲ್ಲ ಅಂತ. ಮುಚ್ಚಬ್ಯಾಡ್ರಿ, ಇನ್ನೂ ತನಿಖಿ ಮಾಡ್ರಿ ಅಂತ ಅರ್ಜಿ ಹಾಕಿದವರು ಯಾರು ಗೊತ್ತೇನ್ರಿ? ಅದ ತಂದಿ ತಾಯಿ. 2011 ಫೆಬ್ರುವರಿ 9ಕ್ಕ ಮ್ಯಾಜಿಸ್ಟ್ರೇಟರು ಅದ ವರದೀನ ಹಿಡದು ಅವರಿಬ್ಬರ ಮ್ಯಾಲೆ ವಿಚಾರಣಿ ನಡಸ್ರಿ ಅಂದ್ರು. ಬೀಗ ಹಾಕ್ರಿ ಅಂತ ಕೊಟ್ಟ ಕೀಲಿಯಿಂದ ಬಾಗಿಲಾ ತಗದಂಗ. ಅದಕ್ಕೂ ಎರಡು ವಾರ ಮೊದಲ, ಜನವರಿ 25ಕ್ಕ, ಗಾಜಿಯಾಬಾದ್ ಕೋರ್ಟಿನ ಅಂಗಳದಾಗ ಒಬ್ಬ ಹುಡುಗ ಮಚ್ಚಿನಿಂದ ಹುಡುಗಿ ತಂದಿ ರಾಜೇಶ್ ತಲ್ವಾರರ ಮಾರಿಗೆ ಹೊಡದಿದ್ದ. ಅಂವಗೂ ಅವರಿಗೂ ಪರಿಚಯ ಇರಲಿಲ್ಲ. ಅಂವಗೂ "ಗೊತ್ತಿತ್ತು" ಅಂತ ಕಾಣಸ್ತೈತಿ.

ಸಾಕ್ಷಿ ಏನಿತ್ತು ಅಂತ ಕೇಳಿದ್ರಿ. ಕಣ್ಣಾರೆ ಕಂಡವರು ಇಲ್ಲ. ಆಯುಧ ತಗೋರಿ. ಕೆಲಸದ ಹುಡುಗರ ಮ್ಯಾಲೆ ಸಂಶಯ ಇದ್ದಾಗ ಅದು ನೇಪಾಳಿ ಕುಕ್ರಿ. ತಂದಿ ಮ್ಯಾಲೆ ಸಂಶಯ ಬಂದ ಮ್ಯಾಲ ಅದ ಗಾಯಕ್ಕ ಗಾಲ್ಫ್ ಬಡಗಿ, ಶಸ್ತ್ರಚಿಕಿತ್ಸಾದ ಸಣ್ಣ ಚೂರಿ. ಸತ್ತವರ ಮೈ ಮ್ಯಾಲಿನ ಗಾಯ ಬದಲಾಗಿರಲಿಲ್ಲ, ಬದಲಾದಾಂವ ಆರೋಪಿ.

ಬೆಳಿಗ್ಗೆ ಬಂದ ಕೆಲಸದಾಕಿಯ ಸಾಕ್ಷಿ ಮ್ಯಾಲ ಭಾಳ ಭಾರ ಹಾಕಿದ್ರು. ಬಾಗಿಲಾ ಹೊರಗಿಂದ ಹಾಕಿತ್ತೋ ಒಳಗಿಂದೋ ಅನ್ನೂದಕ್ಕ ಅಕಿ ಮಾತ ಆಧಾರ. ಪಾಟೀಸವಾಲಿನ್ಯಾಗ ಆಕಿ, ನನಗ ಏನು ಹೇಳಿಕೊಟ್ಟಾರೋ ಅದನ್ನ ಹೇಳಾಕತ್ತೇನಿ ಅಂದುಬಿಟ್ಲು. ಹೈಕೋರ್ಟು ಇದನ್ನ ಎತ್ತಿ ತೋರಿಸ್ತು.

ಮತ್ತ ಆ ತಲದಿಂಬಿನ ಚೀಲ. ಕ್ಲಿನಿಕ್ಕಿನ ಹುಡುಗನ ಖೋಲಿಯಿಂದ ತಂದ ನೇರಳೆ ಬಣ್ಣದ ಚೀಲ. ಹೈದರಾಬಾದ್ ಪ್ರಯೋಗಾಲಯದ 2008ರ ವರದಿ ಪ್ರಕಾರ ಅದರ ಮ್ಯಾಲೆ ಹೇಮರಾಜನ ಡಿಎನ್‌ಎ. ಇಷ್ಟು ದೊಡ್ಡ ಸಂಗತಿ ವರದಿ ಒಳಗ ಸುಮ್ಮನ ಮಲಗಿತ್ತು. ತಲ್ವಾರ್ ಪರ ವಕೀಲರು ಅದನ್ನ ಹಿಡದು ಕೇಳಿದಾಗ, 2011ರಾಗ, ಅದು ಟೈಪಿಂಗ್ ತಪ್ಪು, ಎರಡು ಚೀಲದ ವಿವರ ಅದಲಬದಲ ಆಗೇದ ಅಂತ ಉತ್ತರ ಬಂತು. ತಪ್ಪ ಇರಬಹುದು. ಆದ್ರ ನೀವ ಹೇಳ್ರಿ, ಕೊಲಿ ಕೇಸಿನ್ಯಾಗ ಎರಡು ವರ್ಷ ದಾಟಿದ ಮ್ಯಾಲ ಬಂದ ತಿದ್ದುಪಡಿ ಎಷ್ಟು ಗಟ್ಟಿ? ಇದನ್ನ ಹೇಳಿದೆ ಅಂತ ಆ ಹುಡುಗನ ಮಾಡ್ಯಾನು ಅಂತ ಮಾತ್ರ ಯಾರೂ ಹೊಂಟುಬಿಡಬ್ಯಾಡ್ರಿ. ಅಂವನ ಮ್ಯಾಲ ಆರೋಪಪಟ್ಟಿನೂ ಇಲ್ಲ.

2017 ಅಕ್ಟೋಬರ್ 12ಕ್ಕ ಅಲಹಾಬಾದ್ ಹೈಕೋರ್ಟು ಇಬ್ಬರನ್ನೂ ಬಿಡುಗಡಿ ಮಾಡ್ತು. ನಾಕು ದಿನದ ಮ್ಯಾಲ ದಾಸ್ನಾ ಜೈಲಿಂದ ಹೊರಗ ಬಂದ್ರು, ಹತ್ತಿರ ಹತ್ತಿರ ನಾಕು ವರ್ಷ ಆಗಿತ್ತು. ಇಬ್ಬರು ನ್ಯಾಯಮೂರ್ತಿಗಳ ಪೈಕಿ ಒಬ್ಬರು ಬ್ಯಾರೆ ಬರದು, ಕೆಳಗಿನ ನ್ಯಾಯಾಧೀಶರು ಗಣಿತದ ಮಾಸ್ತರ ಹಂಗ ಒಂದು ಅಂಕಿ ಮೊದಲ ಹಿಡಕೊಂಡು ಲೆಕ್ಕ ಬಿಡಿಸ್ಯಾರ, ಸಿನಿಮಾ ನಿರ್ದೇಶಕರಂಗ ಘಟನಾ ಜೋಡಸ್ಯಾರ ಅಂತ ಭಾಳ ಖಾರ ಆಗಿ ಅಂದ್ರು.

"ಸಂಶಯದ ಲಾಭ" ಅನ್ನೂ ಮಾತಿನ ಬಗ್ಗೆ. ಜನ ಇದನ್ನ "ಮಾಡ್ಯಾರ, ಆದ್ರ ಸಿಕ್ಕಿಬಿದ್ದಿಲ್ಲ" ಅಂತ ಓದತಾರ. ಬರೀ ಸಾಂದರ್ಭಿಕ ಸಾಕ್ಷಿ ಇದ್ದಾಗ ಹೆಂಗ ನೋಡಬೇಕು ಅಂತ ಸುಪ್ರೀಂ ಕೋರ್ಟು 1984ರ ಶರದ್ ಸಾರ್ಡಾ ಕೇಸಿನ್ಯಾಗ ಐದು ಸೂತ್ರ ಹೇಳೇತಿ, ನಾವು ಪಂಚಶೀಲ ಅಂತೀವಿ. ಅದರ ಮೊದಲನೇದು ಕನ್ನಡದಾಗ ಹೇಳಾಕ ಭಾಳ ಸಸಾರ: "ಮಾಡಿರಬಹುದು" ಬ್ಯಾರೆ, "ಮಾಡಿರಲೇಬೇಕು" ಬ್ಯಾರೆ. ನನ್ನ ಜೂನಿಯರ್‌ಗಳಿಗೆ ಹಿಂಗ ಹೇಳಿಕೊಡತೇನಿ. ಬಹುದು ಅಂದ್ರ ಚಾದಂಗಡಿ, ಲೇಬೇಕು ಅಂದ್ರ ಕೋರ್ಟು.

77 ಅವರ, ಹಣದ ಮಾತು ಒಪ್ಪತೇನಿ. ಹಣ ಇಲ್ಲದವರಾಗಿದ್ರ ಆ ದಿಂಬಿನ ಚೀಲದ ಸಾಲು ಹುಡುಕವರು ಯಾರೂ ಸಿಗತಿರಲಿಲ್ಲ. ಅದು ಅವರ ತಪ್ಪಿನ ಸಾಕ್ಷಿ ಅಲ್ಲ, ನಮ್ಮ ವ್ಯವಸ್ಥಾದ ಹಣೆಬರಹ.

ಮಂಪರಿನ ಬಗ್ಗೆ ಒಂದು ಬಿಟ್ಟೆ. 2010 ಮೇ 5ರ ಸುಪ್ರೀಂ ಕೋರ್ಟ್ ತೀರ್ಪು, ಒಪ್ಪಿಗಿ ಇಲ್ಲದ ಮಂಪರು ಪರೀಕ್ಷಾ, ಸುಳ್ಳುಪತ್ತೆ, ಮೆದುಳು ಪರೀಕ್ಷಾ ಸಂವಿಧಾನಕ್ಕ ವಿರುದ್ಧ ಅಂತು. ಆ ಕೇಸಿನ ಹೆಸರ "ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ". ಮಡಿವಾಳದ ಗೇಟಿನ ಮುಂದ ವ್ಯಾನ್ ನಿಲ್ಲಿಸಿದವರು ಇದನ್ನೂ ಒಂದಿನ ತೋರಿಸಿದ್ರೋ ಇಲ್ಲೋ.

ಹಳೇ_ಡೆಸ್ಕು

ತೋರಿಸಿದ್ವಿ ಸಾರ್. ಪಟ್ಟಿಯಲ್ಲಿ.

ಬಾಲ್ಕನಿ_ತುಳಸಿ

ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಸಂಘದಲ್ಲಿ ಮೂರು ವರ್ಷ ಕಾರ್ಯದರ್ಶಿಯಾಗಿದ್ದವಳು. ರಿಜಿಸ್ಟರ್ ಹಿಡ್ಕೊಂಡು ಮನೆಮನೆಗೆ ಹೋಗೋ ಪಾತ್ರ ನನ್ನದೇ ಆಗಿತ್ತು, ಅದಕ್ಕೆ ಬರೀತಿದ್ದೀನಿ.

ಈ ಚರ್ಚೆಯ ಶೀರ್ಷಿಕೆ ನೋಡಿ. "ಆರುಷಿ ಕೇಸು." ಸತ್ತೋರು ಇಬ್ಬರು. ಹೇಮರಾಜ್‌ಗೆ 45 ವರ್ಷ, ನೇಪಾಳದಲ್ಲಿ ಹೆಂಡತಿ ಮಕ್ಕಳು. ಅವನ ಜೀವ ಹೋದ ಮೇಲೆ ಒಂದು ಇಡೀ ದಿನ ಅವನೇ ಕೊಲೆಗಾರ. ಮನೆಯಿಂದ ತಾರಸಿಗೆ ಹೋಗೋ ಬಾಗಿಲಿಗೆ ಬೀಗ, ಅದರ ಹಿಡಿಯಲ್ಲಿ ರಕ್ತದ ಗುರುತು, ಕೀಲಿ ಸಿಗಲಿಲ್ಲ ಅಂತ ಅದನ್ನ ಒಡೆದು ನೋಡಲಿಲ್ಲ. ಆದರೆ ನೇಪಾಳಕ್ಕೆ ಹುಡುಕೋಕೆ ಹೊರಟರು. ಆಮೇಲೆ ಅವನು ಸತ್ತಿದ್ದಾನೆ ಅಂತ ಗೊತ್ತಾದ ಮೇಲೂ ಬಿಟ್ಟರಾ? ಅವನಿಗೂ ಆ ಮಗುವಿಗೂ ಸಂಬಂಧ ಕಟ್ಟಿದರು. ಆಗಿನ ಕೇಂದ್ರ ಮಂತ್ರಿ ರೇಣುಕಾ ಚೌಧರಿ ಪೊಲೀಸರನ್ನ ತರಾಟೆಗೆ ತಗೊಂಡಿದ್ದು ನೆನಪಿದೆ, ಆದರೆ ಅದು ಹುಡುಗಿಯ ಮಾನದ ಪರವಾಗಿ. ಅವನ ಪರವಾಗಿ ಯಾರು ಮಾತಾಡಿದರು? ಹೈಕೋರ್ಟ್ ತೀರ್ಪಿನ ಮೇಲೆ ಸಿಬಿಐಗಿಂತ ಮೊದಲೇ ಸುಪ್ರೀಂ ಕೋರ್ಟಿಗೆ ಹೋದದ್ದು ಹೇಮರಾಜನ ಹೆಂಡತಿ. ಆಕೆಗೆ ಬೇಕಾಗಿದ್ದ ಉತ್ತರ ಒಂದೇ ಅಲ್ವಾ, ಅವರಲ್ಲದಿದ್ದರೆ ನನ್ನ ಗಂಡನ್ನ ಕೊಂದಿದ್ದು ಯಾರು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಸಲ ಒಬ್ಬರ ಬಳೆ ಕಳೆದಿತ್ತು. ರಿಜಿಸ್ಟರ್‌ನಲ್ಲಿ ಹದಿನೆಂಟು ಕೆಲಸದವರ ಫೋಟೊ ಇತ್ತು, ಮಾಲೀಕರದು ಒಂದೂ ಇರಲಿಲ್ಲ. ಅವತ್ತು ನನಗೂ ಅದು ವಿಚಿತ್ರ ಅನಿಸಲಿಲ್ಲ. ಬಳೆ ವಾಷಿಂಗ್ ಮಶೀನಿನಲ್ಲಿ ಸಿಕ್ಕಿತು.

ತಿಪಟೂರು ಅಕ್ಕ, ಕೋಪ ಮಾಡ್ಕೋಬೇಡಿ. ನೀವು ಆ ತಾಯಿ ಬಗ್ಗೆ ಐದು ಸಾಲು ಬರೆದಿದ್ದೀರಿ. ನಿಮ್ಮ ಹುಡುಗನ ಕಥೆ "ವಾಪಸ್ ಕರೀಲಿಲ್ಲ" ಅಂತ ನಿಲ್ಲಿಸಿಬಿಟ್ಟಿರಿ. ಅವನು ಏನಾದ?

ನೇರಮಾತು_77

ವಕೀಲರೇ, ಕಲಂ ಎಲ್ಲ ಒಪ್ಪಿದೆ. ಐದನೇ ಮನುಷ್ಯ ಇದ್ದಿರಬಹುದು ಅನ್ನೋದೂ ಒಪ್ಪಿದೆ. ಆದರೂ ಮನಸ್ಸು ಒಪ್ಪಲ್ಲ. ನನಗೂ ಮಗಳಿದ್ದಾಳೆ. ಹೊರಗಿನೋರು ಬಂದು ಮಲಗಿದ್ದ ಮಗುವನ್ನ ಹೀಗೆ ಮಾಡಿ ಹೋಗಬಹುದು, ಪಕ್ಕದ ಕೋಣೆಯಲ್ಲಿ ನನಗೆ ಎಚ್ಚರವೇ ಆಗದೆ ಇರಬಹುದು ಅಂತ ಒಪ್ಪಿಕೊಂಡರೆ ನಾನು ಇವತ್ತು ರಾತ್ರಿ ಹೇಗೆ ಮಲಗಲಿ? ಅವರೇ ಮಾಡಿದ್ದು ಅಂದುಕೊಂಡರೆ ನೆಮ್ಮದಿ. ಹೇಳಿದ್ದು ತಪ್ಪಿರಬಹುದು, ಸುಳ್ಳಂತೂ ಅಲ್ಲ.

ಕರಿಕೋಟು_ಧಾರವಾಡ

ಇಷ್ಟು ಪ್ರಾಮಾಣಿಕ ಹೇಳಿಕಿ ನನಗ ಕಟಕಟ್ಯಾಗ ಸಿಕ್ಕಿಲ್ರೀ ಸಾಹೇಬ್ರ.

ತಿಪಟೂರು_ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಉತ್ತರ ಬರೆಯೋಕೆ ಆಗ್ಲಿಲ್ಲ, ಮಗಳ ಟೆಸ್ಟು.

ಹಳೇ ಡೆಸ್ಕಿನೋರು ಹೇಳಿದ ದೀರ್ಘದ ವಿಷಯ ಓದಿ ಅಮ್ಮನಿಗೆ ಫೋನ್ ಮಾಡಿದ್ದೆ. ಆಗ ಅಮ್ಮ ಊರಲ್ಲಿ ಕನ್ನಡ ಟಿವಿ ನೋಡಿ ದಿನಾ ನನಗೆ ಫೋನ್ ಮಾಡೋರು, "ಅಪ್ಪನೇ ಅಂತೆ ಕಣೆ" ಅಂತ. "ಅಂತೆ" ಅಂತಿದ್ರು. ನಾನು ಅದನ್ನ ಬಾಲ್ಕನಿಯಲ್ಲಿ ಹಿಂದಿಯಲ್ಲಿ ಹೇಳುವಾಗ "ಅಂತೆ" ಎಲ್ಲಿ ಹೋಯ್ತೋ. ನೋಯ್ಡಾದಲ್ಲಿದ್ದೋಳು ನಾನು, ನೋಯ್ಡಾ ಸುದ್ದಿ ನನಗೆ ತಿಪಟೂರಿಂದ ಬರ್ತಿತ್ತು.

77 ಅವರು ಹೇಳಿದ್ದು ಸರಿ. ಚೊಂಬು ಬೀಳಿಸಿದ ರಾತ್ರಿ "ಕೇಳಿಸ್ತು" ಅಂದಾಗ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಇಬ್ಬರೂ ನಕ್ಬಿಟ್ವಿ.

ಬಾಲ್ಕನಿ ತುಳಸಿ ಅವರೇ, ಕೋಪ ಇಲ್ಲ. ಅವನು ಏನಾದ ಅಂತ ನನಗೆ ಗೊತ್ತಿಲ್ಲ. ಒಂದು ಸಲ, ಅದೇ ಮಳೆಗಾಲದಲ್ಲಿ, ಅಟ್ಟಾ ಮಾರ್ಕೆಟ್ ಹತ್ರ ಮೋಮೋ ಗಾಡಿ ಪಕ್ಕ ಪ್ಲೇಟು ತೊಳೀತಾ ನಿಂತಿದ್ದ. ನನ್ನ ನೋಡಿದ. ನಾನು ದುಪಟ್ಟಾ ಸರಿ ಮಾಡ್ಕೊಂಡು ಆಚೆ ನೋಡಿದೆ. ಊರಿಗೆ ಹೋಗಿದೀವಿ ಅಂತ ಹೇಳಿದ್ನಲ್ಲ.

ನಿಮ್ಮ ಪ್ರಶ್ನೆ ಓದಿದ ಮೇಲೆ ರಾತ್ರಿ ನಮ್ಮೆಜಮಾನ್ರನ್ನ ಕೇಳಿದೆ. ಮೇ 17ಕ್ಕೆ ಬಿಡಿಸಿದ್ವಲ್ಲ, ಅರ್ಧ ತಿಂಗಳ ದುಡ್ಡು ಕೊಟ್ಟಿದ್ವಾ? ಅವರು ಸುದ್ದಿ ನೋಡ್ತಿದ್ರು. "ಕೊಟ್ಟಿರಬಹುದು" ಅಂದ್ರು.

ತಿಂಗಳಿಗೆ ಆರುನೂರು ರೂಪಾಯಿ ಅಂತ ನೆನಪು. ಹಾಲು, ತರಕಾರಿ, ಕೆಲಸದವರ ಲೆಕ್ಕ ಎಲ್ಲ ನಾನು ಒಂದು ಡೈರಿಯಲ್ಲಿ ಬರೆದಿಡ್ತಿದ್ದೆ. ಆ ವರ್ಷದ್ದು ಅತ್ತೆಮನೆ ಅಟ್ಟದ ಮೇಲೆ ಟ್ರಂಕಲ್ಲಿರಬೇಕು, ಹಬ್ಬಕ್ಕೆ ಹೋದಾಗ ತೆಗೆಸ್ತೀನಿ. ಕೊಟ್ಟಿದ್ರೆ ಮೇ ಪುಟದಲ್ಲಿ ಇದ್ದೇ ಇರುತ್ತೆ. ಅವನ ಹೆಸರು ಅಲ್ಲೂ ಸಿಗಲ್ಲ. ಬ್ಲಾಕಲ್ಲಿ ಎಲ್ಲರೂ ಅವನ್ನ ಬಹಾದುರ್ ಅಂತಿದ್ರು, ಅವನಿಗಿಂತ ಮೊದಲು ಬರ್ತಿದ್ದವನನ್ನೂ ಬಹಾದುರ್ ಅಂತಲೇ ಕರೀತಿದ್ವಿ. ಡೈರಿಯಲ್ಲೂ ನಾನು ಹಾಗೇ ಬರೆದಿರ್ತೀನಿ.